ಯಾರೂ ನೆನೆಸದ ಗೆಲುವು

ಕಾಲ್ಚೆಂಡಾಟದ ವಿಶ್ವಕಪ್ ನಾಲ್ಕು ವರ್ಷಗಳಿಗೊಮ್ಮೆ ಬರುತ್ತದೆ. ಬಂತೆಂದರೆ ಮಂಜೇಶ್ವರದಿಂದ ತೃಕ್ಕರಿಪುರದ ತನಕ ನಮ್ಮ ಜಿಲ್ಲೆಯ ಪೇಟೆಗಳ ಬಣ್ಣವೇ ಬದಲಾಗಿಬಿಡುತ್ತದೆ. ಬಸ್ ತಂಗುದಾಣದ ಮಾಡಿನ ಮೇಲೆ, ಅಂಗಡಿಗಳ ಎದುರು, ಹೊಲದ ಬದಿಯಲ್ಲಿ ನೆಟ್ಟ ಅಡಿಕೆ ಮರದ ಕಂಬಗಳಲ್ಲಿ ತಿಳಿನೀಲಿ ಬಿಳಿ ಪಟ್ಟೆಯ ಅರ್ಜೆಂಟೀನಾ ಬಾವುಟ, ಅದಕ್ಕೆ ಎದುರಾಗಿ ಹಳದಿ ಹಸಿರಿನ ಬ್ರೆಜಿಲ್ ಬಾವುಟ, ಅಲ್ಲಲ್ಲಿ ಪೋರ್ಚುಗಲ್ಲಿನದೂ ಒಂದೆರಡು. ನಮ್ಮ ತರಗತಿಗಳಲ್ಲಿಯೂ ಆಗ ಎರಡು ಪಕ್ಷಗಳು. ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಬುತ್ತಿಯಿಂದ ಉಣ್ಣುವವರು ಒಂದು ತಿಂಗಳ ಕಾಲ ಮಾತು ಬಿಡುವುದೂ ಉಂಟು. “ಆ ದೇಶ ಎಲ್ಲಿದೆಯೆಂದು ನಕ್ಷೆಯಲ್ಲಿ ತೋರಿಸಲು ಬಾರದ ಹುಡುಗನಿಗೆ ಅದರ ಸೋಲು ಗೆಲುವಿನ ಚಿಂತೆ ಯಾಕೆ ಮಾಸ್ಟ್ರೇ?” ಎಂದು ಹೆತ್ತವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕಲು 2022ರ ಒಂದು ಮಧ್ಯಾಹ್ನದಿಂದ ಹೊರಡುವುದು ಒಳ್ಳೆಯದೆಂದು ನಮಗೆ ತೋರುತ್ತದೆ.

ಆ ವರ್ಷ ವಿಶ್ವಕಪ್ ನಡೆದದ್ದು ಕತಾರಿನಲ್ಲಿ. ನವೆಂಬರ್ 22, ಮಂಗಳವಾರ, ನಮ್ಮ ಗಡಿಯಾರದಲ್ಲಿ ಮೂರೂವರೆ ಗಂಟೆಗೆ ಲುಸೈಲ್ ಕ್ರೀಡಾಂಗಣದಲ್ಲಿ ಅರ್ಜೆಂಟೀನಾಕ್ಕೂ ಸೌದಿ ಅರೇಬಿಯಕ್ಕೂ ಪಂದ್ಯ. ಶಾಲೆ ಬಿಡುವ ಗಂಟೆಗೆ ಮಕ್ಕಳ ಕಿವಿಯೆಲ್ಲ ನೆಟ್ಟಗಿತ್ತು. ಅರ್ಜೆಂಟೀನಾ ಅದುವರೆಗೆ ಸತತ 36 ಪಂದ್ಯಗಳಲ್ಲಿ ಸೋಲು ಕಾಣದ ತಂಡ. ವಿಶ್ವ ಶ್ರೇಯಾಂಕದಲ್ಲಿ ಅದಕ್ಕೆ 3ನೆಯ ಸ್ಥಾನ, ಸೌದಿಗೆ 51ನೆಯದು. ಹತ್ತನೆಯ ನಿಮಿಷದಲ್ಲಿ ಮೆಸ್ಸಿ ಪೆನಾಲ್ಟಿಯಲ್ಲಿ ಗೋಲು ಹೊಡೆದಾಗ ಇನ್ನು ಎಣಿಸುವ ಕೆಲಸ ಮಾತ್ರ ಬಾಕಿಯೆಂದೇ ಎಲ್ಲರೂ ಭಾವಿಸಿದರು. ಆದರೆ ವಿರಾಮ ಮುಗಿದು ಆಟ ಶುರುವಾದ ಮೂರೇ ನಿಮಿಷದಲ್ಲಿ ಸಾಲಿಹ್ ಅಲ್ ಶೆಹ್ರಿ ಒಂದು ಗೋಲು, 53ನೆಯ ನಿಮಿಷದಲ್ಲಿ ಸಾಲಿಂ ಅಲ್ ದೌಸರಿ ಮತ್ತೊಂದು ಗೋಲು ಹೊಡೆದರು. ಆ ಮೇಲೆ ಅರ್ಜೆಂಟೀನಾ ಎಷ್ಟು ಮುತ್ತಿಗೆ ಹಾಕಿದರೂ ಗೋಲಿ ಮೊಹಮ್ಮದ್ ಅಲ್ ಒವೈಸ್ ಬಾಗಿಲು ತೆರೆಯಲಿಲ್ಲ. ಸೌದಿ 2, ಅರ್ಜೆಂಟೀನಾ 1.

ಪಕ್ಕದ ದೇಶದಿಂದ ಗಡಿ ದಾಟಿ ಬಂದಿದ್ದ ಸೌದಿ ಅಭಿಮಾನಿಗಳ ಹರ್ಷಕ್ಕೆ ಪಾರವಿರಲಿಲ್ಲ. ದೊರೆ ಸಲ್ಮಾನರು ಮರುದಿನ ದೇಶಕ್ಕೆಲ್ಲ ರಜೆ ಸಾರಿದರು. ಸರಕಾರಿ ನೌಕರರಿಗೆ, ಖಾಸಗಿ ಕಂಪೆನಿಗಳವರಿಗೆ, ಶಾಲಾ ಮಕ್ಕಳಿಗೆ, ಎಲ್ಲರಿಗೂ. ರಿಯಾದ್, ಜಿದ್ದಾ, ದಮಾಮ್‌ಗಳಲ್ಲಿ ದುಡಿಯುವ ನಮ್ಮ ಜಿಲ್ಲೆಯವರು ಎಷ್ಟು ಮಂದಿಯೆಂದು ನಿಮಗೆ ಹೇಳಬೇಕಾಗಿಲ್ಲ. ಈ ಲೇಖನ ಓದುತ್ತಿರುವ ಮಕ್ಕಳಲ್ಲಿ ಹಲವರ ತಂದೆಯೋ ಮಾವನೋ ಅಲ್ಲಿದ್ದಾರೆ. ಗೆಲುವಿನ ರಜೆ ಅವರ ಪಾಲಿಗೂ ಒದಗಿತು. ಇತ್ತ ಊರಿನಲ್ಲಿ ಬ್ರೆಜಿಲ್ ಪಕ್ಷದವರಿಗೆ ಸೌದಿಯ ಗೆಲುವೇ ತಮ್ಮ ಗೆಲುವಾಯಿತು. ಅರ್ಜೆಂಟೀನಾ ಪಕ್ಷದವರು ಎರಡು ದಿನ ತಲೆ ತಗ್ಗಿಸಿ ನಡೆದರು.

ಇಂತಹ ಗೆಲುವು ದೈವಯೋಗದಿಂದ ಬರುವುದೆಂದು ಹೇಳಿ ಮುಗಿಸುವವರಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ಆ ದಿನದ ಪಂದ್ಯದ ಮೊದಲರ್ಧದಲ್ಲಿ ಅರ್ಜೆಂಟೀನಾ ಇನ್ನೂ ಮೂರು ಸಲ ಚೆಂಡನ್ನು ಬಲೆಗೆ ಸೇರಿಸಿತ್ತು. ಮೂರೂ ಆಫ್‌ಸೈಡ್ ಎಂದು ರದ್ದಾದವು. ಆಫ್‌ಸೈಡ್ ಎಂದರೇನು? ಗದ್ದೆಯ ಆಟದಲ್ಲಿ ಈ ನಿಯಮವನ್ನು ಯಾರೂ ಲೆಕ್ಕಿಸುವುದಿಲ್ಲವಾದ್ದರಿಂದ ತುಸು ವಿವರಿಸುತ್ತೇವೆ. ಜೊತೆಗಾರನು ಮುಂದಕ್ಕೆ ಚೆಂಡನ್ನು ಒದೆಯುವ ಆ ಕ್ಷಣದಲ್ಲಿ, ಎದುರಾಳಿಗಳ ಅರ್ಧದೊಳಗೆ ಚೆಂಡಿಗಿಂತ ಮುಂದೆ ನಿಂತಿರುವ ಆಟಗಾರನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಇಬ್ಬರಾದರೂ ಇರಬೇಕು. ಗೋಲಿಯೂ ಆ ಇಬ್ಬರಲ್ಲಿ ಒಬ್ಬನಾಗಬಹುದು. ಸಾಲಿಗೆ ಸಮನಾಗಿ ನಿಂತರೂ ಅಡ್ಡಿಯಿಲ್ಲ. ಒಂದು ಹೆಜ್ಜೆ ಮುಂದಿದ್ದು ಆ ಚೆಂಡನ್ನು ಆಡಿದರೆ ತಪ್ಪು. ಸೌದಿಯ ತರಬೇತುದಾರ, ಫ್ರಾನ್ಸಿನ ಹರ್ವೆ ರೆನಾರ್, ತನ್ನ ರಕ್ಷಕರನ್ನು ಗೋಲಿನ ಬುಡದಲ್ಲಿ ನಿಲ್ಲಿಸದೆ ಮೈದಾನದ ನಡುಗೆರೆಯ ಹತ್ತಿರಕ್ಕೆ ತಂದು ಸಾಲಾಗಿ ನಿಲ್ಲಿಸಿದ್ದರು. ಅರ್ಜೆಂಟೀನಾದ ವೇಗದ ಓಟಗಾರರು ಆ ಸಾಲನ್ನು ದಾಟಿದೆವೆಂದುಕೊಂಡಾಗಲೆಲ್ಲ ಕೂದಲೆಳೆಯಷ್ಟು ಮುಂದಾಗಿಬಿಡುತ್ತಿದ್ದರು.

ಇದು ಬಹಳ ಅಪಾಯದ ಉಪಾಯ. ಸಾಲಿನಲ್ಲಿ ಒಬ್ಬನು ಅರೆಗಳಿಗೆ ಹಿಂದುಳಿದರೂ ಹಿಂದೆ ಬರೀ ಬಯಲು. ಆದ್ದರಿಂದ ನಾಲ್ಕು ಮಂದಿಯೂ ಒಬ್ಬನ ಉಸಿರನ್ನು ಇನ್ನೊಬ್ಬ ಬಲ್ಲವರಂತೆ ಚಲಿಸಬೇಕು. ಸೌದಿ ತಂಡದ 26 ಆಟಗಾರರೂ ತಮ್ಮ ದೇಶದ ಕ್ಲಬ್ಬುಗಳಲ್ಲಿಯೇ ಆಡುವವರು, ಅವರಲ್ಲಿ ಅನೇಕರು ಅಲ್ ಹಿಲಾಲ್ ಎಂಬ ಒಂದೇ ಕ್ಲಬ್ಬಿನವರು. ವರ್ಷಗಟ್ಟಲೆ ಒಟ್ಟಿಗೆ ಬೆವರು ಸುರಿಸಿದವರಿಗೆ ಮಾತ್ರ ಆ ಹೊಂದಾಣಿಕೆ ಸಾಧ್ಯ.

ಇನ್ನೊಂದು ಕಾರಣ ಆಟದ ಗುಣದಲ್ಲಿಯೇ ಇದೆ. ಕಬಡ್ಡಿಯಲ್ಲಿ ಒಂದು ತಂಡ ಮೂವತ್ತು ನಲುವತ್ತು ಅಂಕ ಗಳಿಸುತ್ತದೆ. ಕ್ರಿಕೆಟಿನಲ್ಲಿ ಓಟಗಳು ನೂರು ಇನ್ನೂರು. ಅಷ್ಟು ಅಂಕಗಳಾಗುವಾಗ ಒಂದೆರಡು ಆಕಸ್ಮಿಕಗಳು ತೊಳೆದುಹೋಗಿ ಕೊನೆಗೆ ಬಲಿಷ್ಠನೇ ಮೇಲಾಗುವುದು ವಾಡಿಕೆ. ಕಾಲ್ಚೆಂಡಿನಲ್ಲಿ ಹಾಗಲ್ಲ. 2022ರ ವಿಶ್ವಕಪ್ಪಿನ 64 ಪಂದ್ಯಗಳಲ್ಲಿ ಒಟ್ಟು 172 ಗೋಲುಗಳು, ಅಂದರೆ ಪಂದ್ಯವೊಂದಕ್ಕೆ ಎರಡೂ ತಂಡಗಳದು ಸೇರಿ ಮೂರೂ ತುಂಬುವುದಿಲ್ಲ. ಇಷ್ಟು ಕಡಿಮೆ ಗೋಲುಗಳ ಆಟದಲ್ಲಿ ಐದು ನಿಮಿಷ ಎಚ್ಚರದಿಂದ ಆಡಿದ ಬಡ ತಂಡವು ಉಳಿದ ಎಂಬತ್ತೈದು ನಿಮಿಷ ಕಾದುಕೊಂಡರೆ ಸಾಕು. ಕೆಳಗಿರುವವನಿಗೆ ಕಾಲ್ಚೆಂಡಾಟವು ಆಸೆಯನ್ನು ಪೂರ್ತಿ ಮುಚ್ಚುವುದಿಲ್ಲ. ಜಗತ್ತಿನ ಬಡ ದೇಶಗಳೆಲ್ಲ ಈ ಆಟಕ್ಕೆ ಮರುಳಾದುದರಲ್ಲಿ ಇದಕ್ಕೂ ಪಾಲಿರಬೇಕೆಂದು ನಮ್ಮ ಎಣಿಕೆ.

ಗೆಲುವು ಕೇವಲ ಒಂದು ದಿನದ್ದೆಂಬುದೂ ನಿಜವೇ. ಸೌದಿ ತಂಡ ಮುಂದೆ ಪೋಲೆಂಡಿಗೂ ಮೆಕ್ಸಿಕೋಗೂ ಸೋತು ಮನೆಗೆ ಮರಳಿತು. ಅರ್ಜೆಂಟೀನಾ ಅದೇ ಡಿಸೆಂಬರ್ 18ರಂದು ಫ್ರಾನ್ಸನ್ನು ಮಣಿಸಿ ಕಪ್ ಎತ್ತಿತು. ಆ ರಾತ್ರಿ ನಮ್ಮೂರಿನಲ್ಲಿ ಸಿಡಿದ ಬೆಡಿಯ ಸದ್ದು ಈಗಲೂ ಕಿವಿಯಲ್ಲಿದೆ. ಅರ್ಜೆಂಟೀನಾದ ಕಾಲ್ಚೆಂಡು ಸಂಸ್ಥೆಯು ತನ್ನ ಕೃತಜ್ಞತೆಯ ಸಂದೇಶದಲ್ಲಿ ಕೇರಳದ ಹೆಸರನ್ನೂ ಹೇಳಿತು! ಆದರೂ ಸೌದಿಯವರು ನವೆಂಬರ್ 22ನ್ನು ಮರೆಯುವವರಲ್ಲ. ನಿರೀಕ್ಷಿಸಿದ್ದು ಕೈಗೆ ಬಂದರೆ ತೃಪ್ತಿಯಾಗುತ್ತದೆ, ಅಷ್ಟೇ. ನಿರೀಕ್ಷೆಯೇ ಇಲ್ಲದ್ದು ಬಂದರೆ ಕುಣಿಯುವಂತಾಗುತ್ತದೆ. ಎಂದೂ ನೂರಕ್ಕೆ ತೊಂಬತ್ತು ತೆಗೆಯುವ ಹುಡುಗಿಯ ಮನೆಯಲ್ಲಿ ಫಲಿತಾಂಶದ ದಿನ ಪಾಯಸವಾಗದೆ ಇರಬಹುದು. ಗಣಿತದಲ್ಲಿ ದಾಟುವುದೇ ಇಲ್ಲವೆಂದು ಎಲ್ಲರೂ ಕೈಬಿಟ್ಟ ಹುಡುಗ ದಾಟಿದ ಮನೆಯಲ್ಲಿ ಆಗಿಯೇ ಆಗುತ್ತದೆ.

ಇನ್ನು ಹೆತ್ತವರ ಪ್ರಶ್ನೆಗೆ ಬರೋಣ. ಸಂಬಂಧವಿಲ್ಲದ ದೇಶಕ್ಕಾಗಿ ಕುಣಿಯುವುದು ನಮ್ಮ ಮಕ್ಕಳ ಹುಚ್ಚು ಮಾತ್ರವೇ? 1966ರ ವಿಶ್ವಕಪ್ ಇಂಗ್ಲೆಂಡಿನಲ್ಲಿ ನಡೆದಾಗ ಉತ್ತರ ಕೊರಿಯದ ತಂಡ ಮಿಡಲ್ಸ್‌ಬರೊ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ ಆಡಿತು. ಕೊರಿಯದ ಯುದ್ಧ ಮುಗಿದು ಆಗ ಬರೇ ಹದಿಮೂರು ವರ್ಷ. ಆ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಉತ್ತರ ಕೊರಿಯದ ಎದುರು ಹೋರಾಡಿದವರು. ಆದರೂ ಆ ಊರಿನ ಕೂಲಿಕಾರರು ಈ ಕುಳ್ಳ, ಚುರುಕು ಆಟಗಾರರನ್ನು ತಮ್ಮವರನ್ನಾಗಿ ಮಾಡಿಕೊಂಡರು. ಜುಲೈ 19ರಂದು ಪಾಕ್ ದೂ ಇಕ್ ಹೊಡೆದ ಒಂದೇ ಗೋಲಿನಿಂದ ಉತ್ತರ ಕೊರಿಯ ಬಲಾಢ್ಯ ಇಟಲಿಯನ್ನು ಸೋಲಿಸಿತು. ಮುಂದಿನ ಪಂದ್ಯ ಲಿವರ್‌ಪೂಲಿನಲ್ಲಿ. ಮಿಡಲ್ಸ್‌ಬರೊದ ಸಾವಿರಾರು ಮಂದಿ ಅಲ್ಲಿಗೂ ಹೋದರು. ಕೊರಿಯ ಪೋರ್ಚುಗಲ್ಲಿನ ಎದುರು 3–0 ಮುಂದಿದ್ದು, ಯುಸೇಬಿಯೊ ಒಬ್ಬನೇ ನಾಲ್ಕು ಗೋಲು ಹೊಡೆದ ಕಾರಣ 5–3ರಿಂದ ಸೋತಿತು. ಬದುಕಿದ್ದ ಆಟಗಾರರು 2002ರಲ್ಲಿ ಮುದುಕರಾಗಿ ಆ ಊರಿಗೆ ಮರಳಿ ಬಂದಾಗಲೂ ಜನ ಪ್ರೀತಿಯಿಂದ ಸ್ವಾಗತಿಸಿದರು. ಆದ್ದರಿಂದ ಮೊಗ್ರಾಲಿನ ಹುಡುಗನೊಬ್ಬ ಅರ್ಜೆಂಟೀನಾಕ್ಕೆ ಕೂಗಿದರೆ ನಾವು ಬೈಯುವುದಿಲ್ಲ. ನಕ್ಷೆಯಲ್ಲಿ ಆ ದೇಶವನ್ನು ತೋರಿಸಲು ಮಾತ್ರ ಹೇಳುತ್ತೇವೆ.

ಬೈಯಬೇಕಾದದ್ದು ಬೇರೆ ಇದೆ. ಬಾವುಟದ ಕಂಬವನ್ನು ವಿದ್ಯುತ್ ತಂತಿಯ ಪಕ್ಕ ಎತ್ತುವುದು, ಒಂದು ಬೈಕಿನಲ್ಲಿ ನಾಲ್ವರು ಕುಳಿತು ಅರಚುವುದು, ಸೋತವರ ಮನೆಯ ಎದುರು ಹೋಗಿ ಬೆಡಿ ಸಿಡಿಸುವುದು. ಇರಾಕಿನ ತಂಡ 2007ರ ಏಷ್ಯಾ ಕಪ್ಪಿನ ಸೆಮಿಫೈನಲಿನಲ್ಲಿ ಗೆದ್ದಾಗ ಬಾಗ್ದಾದಿನ ಬೀದಿಯಲ್ಲಿ ಕುಣಿಯುತ್ತಿದ್ದ ಜನರ ನಡುವೆ ಬಾಂಬು ಸಿಡಿದು ಸುಮಾರು ಐವತ್ತು ಜೀವಗಳು ಹೋದವು. ಯುದ್ಧದಲ್ಲಿ ಬೇಯುತ್ತಿದ್ದ ಆ ದೇಶದ ತಂಡದಲ್ಲಿ ಸುನ್ನಿಗಳು, ಶಿಯಾಗಳು, ಕುರ್ದರು ಒಟ್ಟಿಗಿದ್ದರು. ನಾಲ್ಕು ದಿನಗಳ ಬಳಿಕ ಅವರು ಸೌದಿಯನ್ನು 1–0 ಸೋಲಿಸಿ ಕಪ್ ಗೆದ್ದರು. ಕುರ್ದ್ ಆಟಗಾರ ಹವಾರ್ ಮುಲ್ಲಾ ಮೊಹಮ್ಮದ್ ಮೂಲೆಯಿಂದ ಒದ್ದ ಚೆಂಡಿಗೆ ನಾಯಕ ಯೂನಿಸ್ ಮಹಮೂದ್ ತಲೆಕೊಟ್ಟ ಗೋಲು ಅದು. ಅಲ್ಲಿ ವೈರಿಗಳ ಕ್ರೌರ್ಯದಿಂದ ಸಂಭ್ರಮ ಸಾವಾಯಿತು. ಇಲ್ಲಿ ನಮ್ಮ ಅಜಾಗ್ರತೆಯಿಂದ ಆಗಬಾರದು.

ಅದಿರಲಿ, ನಮ್ಮದೇ ರಾಷ್ಟ್ರೀಯ ತಂಡದ ಗತಿಯೇನು? ಭಾರತವೂ ಯಾರೂ ನೆನೆಸದ ಗೆಲುವುಗಳನ್ನು ಪಡೆದಿದೆ, ಕುಣಿದವರೇ ಕಡಿಮೆ. 2025ರ ಸೆಪ್ಟೆಂಬರ್ 8ರಂದು ತಾಜಿಕಿಸ್ತಾನದ ಹಿಸೋರ್‌ನಲ್ಲಿ ಶ್ರೇಯಾಂಕದಲ್ಲಿ 133ನೆಯದಾಗಿದ್ದ ಭಾರತ, 79ನೆಯದಾಗಿದ್ದ ಓಮಾನನ್ನು ಪೆನಾಲ್ಟಿಗಳಲ್ಲಿ 3–2 ಸೋಲಿಸಿತು. ಕೊನೆಯ ಒದೆತವನ್ನು ಗೋಲಿ ಗುರ್‌ಪ್ರೀತ್ ಸಿಂಗ್ ಸಂಧು ತಡೆದರು. ಮರುದಿನ ನಮ್ಮ ಯಾವ ಪೇಟೆಯಲ್ಲೂ ಒಂದು ಬಾವುಟ ಏರಲಿಲ್ಲ. ತೃಕ್ಕರಿಪುರದ ಮುಹಮ್ಮದ್ ರಾಫಿಯಂಥವರು ಭಾರತದ ಅಂಗಿ ತೊಟ್ಟು ಆಡಿದ ಜಿಲ್ಲೆ ನಮ್ಮದು! ಕೊಲ್ಲಿ ದೇಶದಲ್ಲಿರುವ ನಮ್ಮವರು ಈ ವಿಷಯದಲ್ಲಿ ಮೇಲು. 2019ರ ಸೆಪ್ಟೆಂಬರ್ 10ರಂದು ಭಾರತ ದೋಹಾದಲ್ಲಿ ಆಗಿನ ಏಷ್ಯಾ ಚಾಂಪಿಯನ್ ಕತಾರನ್ನು 0–0 ಹಿಡಿದು ನಿಲ್ಲಿಸಿದಾಗ ಅಲ್ಲಿನ ಭಾರತೀಯರು ಗೆದ್ದವರಂತೆಯೇ ಕೂಗಿದರು.

ಎಲ್ಲಕ್ಕಿಂತ ದೊಡ್ಡ ಗೆಲುವಿನ ಸಂಗತಿಯನ್ನು ನಿಮ್ಮ ಅಜ್ಜಂದಿರೂ ಸರಿಯಾಗಿ ಕೇಳಿರಲಿಕ್ಕಿಲ್ಲ. 1962ರ ಏಷ್ಯನ್ ಕ್ರೀಡಾಕೂಟ ಜಕಾರ್ತಾದಲ್ಲಿ ನಡೆಯಿತು. ನಮ್ಮ ತಂಡದ ತರಬೇತುದಾರ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್, ವೃತ್ತಿಯಿಂದ ಶಾಲಾ ಮಾಸ್ತರರು. ಅರ್ಬುದ ರೋಗ ಅವರ ದೇಹವನ್ನು ತಿನ್ನುತ್ತಿತ್ತು. ಮೊದಲ ಪಂದ್ಯದಲ್ಲೇ ಭಾರತ ದಕ್ಷಿಣ ಕೊರಿಯಕ್ಕೆ 0–2 ಸೋತಿತು. ಬಳಿಕ ಥಾಯ್ಲೆಂಡನ್ನು ಸೋಲಿಸಿದರೂ ಆ ಪಂದ್ಯದಲ್ಲಿ ರಕ್ಷಕ ಜರ್ನೈಲ್ ಸಿಂಗರ ತಲೆ ಒಡೆದು ಹೊಲಿಗೆ ಹಾಕಬೇಕಾಯಿತು. ಗಾಯಗೊಂಡ ರಕ್ಷಕನನ್ನು ಏನು ಮಾಡುವುದು? ರಹೀಮ್ ಅವರನ್ನು ಮುಂಪಡೆಗೆ ಕಳುಹಿಸಿ ಗೋಲು ಹೊಡೆಯಲು ಬಿಟ್ಟರು. ಸೆಮಿಫೈನಲಿನಲ್ಲಿ ದಕ್ಷಿಣ ವಿಯೆಟ್ನಾಮಿನ ಎದುರು ಜರ್ನೈಲ್ ಹೊಡೆದೂಬಿಟ್ಟರು!

ಅಷ್ಟರಲ್ಲಿ ಊರೇ ನಮ್ಮವರ ಮೇಲೆ ತಿರುಗಿ ಬಿದ್ದಿತ್ತು. ಇಸ್ರೇಲ್ ಮತ್ತು ತೈವಾನ್ ದೇಶಗಳ ಕ್ರೀಡಾಳುಗಳಿಗೆ ಇಂಡೋನೇಷ್ಯ ಪ್ರವೇಶ ಕೊಟ್ಟಿರಲಿಲ್ಲ. ಹಾಗಿದ್ದರೆ ಇದನ್ನು ಏಷ್ಯನ್ ಕ್ರೀಡಾಕೂಟವೆಂದು ಕರೆಯಬಾರದೆಂದು ಭಾರತದ ಜಿ. ಡಿ. ಸೋಂಧಿ ಹೇಳಿದರು. ಜಕಾರ್ತಾದ ಜನ ಕೆರಳಿದರು. ಭಾರತದ ರಾಯಭಾರ ಕಚೇರಿಯ ಮೇಲೆ ಗುಂಪು ದಾಳಿ ಮಾಡಿತು. ಸೆಪ್ಟೆಂಬರ್ 4ರಂದು ಫೈನಲ್ ಪಂದ್ಯ, ಎದುರಾಳಿ ಅದೇ ದಕ್ಷಿಣ ಕೊರಿಯ. ಸುಮಾರು ಒಂದು ಲಕ್ಷ ಮಂದಿ ಸೇರಿದ್ದ ಸೆನಾಯನ್ ಕ್ರೀಡಾಂಗಣದಲ್ಲಿ ಭಾರತದ ಆಟಗಾರರ ಕಾಲಿಗೆ ಚೆಂಡು ತಾಗಿದಾಗಲೆಲ್ಲ ಕೂಗಾಟ. ಆದರೂ ಮೊದಲ ಇಪ್ಪತ್ತು ನಿಮಿಷಗಳಲ್ಲೇ ಪಿ. ಕೆ. ಬ್ಯಾನರ್ಜಿ ಒಂದು, ತಲೆಗೆ ಪಟ್ಟಿ ಕಟ್ಟಿಕೊಂಡ ಜರ್ನೈಲ್ ಒಂದು ಗೋಲು ಹೊಡೆದರು. ಕೊರಿಯ ಕೊನೆಯ ಹೊತ್ತಿಗೆ ಒಂದನ್ನು ತೀರಿಸಿತು. ಪೀಟರ್ ತಂಗರಾಜ್ ಗೋಲು ಕಾದರು; ಕೇರಳದ ಇರಿಂಞಾಲಕುಡದ ಓ. ಚಂದ್ರಶೇಖರನ್ ಆ ತಂಡದ ರಕ್ಷಕರಲ್ಲಿ ಒಬ್ಬರು. 2–1. ಚುನ್ನಿ ಗೋಸ್ವಾಮಿ ನಾಯಕರಾಗಿದ್ದ ತಂಡಕ್ಕೆ ಚಿನ್ನ. ಆಮೇಲೆ ಇಂದಿನವರೆಗೆ ಆ ಚಿನ್ನ ನಮಗೆ ಮತ್ತೆ ಬಂದಿಲ್ಲ.

ರಹೀಮ್ ಮಾಸ್ತರರು 1963ರ ಜೂನ್ ತಿಂಗಳಲ್ಲಿ ತೀರಿಕೊಂಡರು. ಆಗ ನಮ್ಮೂರಿನಲ್ಲಿ ರೇಡಿಯೋ ಇದ್ದ ಮನೆಗಳೇ ಬೆರಳೆಣಿಕೆಯಷ್ಟು. ಗೆಲುವಿನ ಸುದ್ದಿ ಹಲವರಿಗೆ ತಲಪಿದ್ದು ಪತ್ರಿಕೆಯ ಒಂದು ಮೂಲೆಯಿಂದ. ಆ ಸಂಜೆ ಲಕ್ಷ ಜನರ ನಡುವೆ ಭಾರತದ ಪರವಾಗಿ ಕೂಗಿದವರು ಯಾರು ಗೊತ್ತೇ? ಪಾಕಿಸ್ತಾನದ ಹಾಕಿ ಆಟಗಾರರು. ಅದೇ ಕೂಟದ ಹಾಕಿ ಫೈನಲಿನಲ್ಲಿ ಭಾರತವನ್ನು ಸೋಲಿಸಿ ಚಿನ್ನ ಗೆದ್ದಿದ್ದ ಅವರು, ಕ್ರೀಡಾಂಗಣದ ಒಂದು ಬದಿಯಲ್ಲಿ ಕುಳಿತು ಕೊನೆಯವರೆಗೂ ನಮ್ಮವರನ್ನು ಹುರಿದುಂಬಿಸುತ್ತಿದ್ದರೆಂದು ಆ ತಂಡದ ಆಟಗಾರರು ಎಷ್ಟೋ ವರ್ಷಗಳ ಬಳಿಕವೂ ನೆನೆಯುತ್ತಿದ್ದರು.