ಗಾಯಾಳುವಿನ ಸಂಬಳ, ವಿಮೆಯ ಹಣ ಮತ್ತು ವೇತನ ಮಿತಿ

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎದುರಾಳಿಯನ್ನು ಮೈಯೊಡ್ಡಿ ಕೆಡಹುವ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಟಗಾರರ ಗಾಯವನ್ನು ಪ್ರತಿ ತಂಡವೂ ಋತು ಆರಂಭವಾಗುವ ಮುನ್ನವೇ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಈ ಆಟದ ಅತಿ ದೊಡ್ಡ ವೃತ್ತಿಪರ ಸಂಘಟನೆಯಾದ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ ಈಗಿರುವ 32 ತಂಡಗಳಲ್ಲಿ ಪ್ರತಿಯೊಂದೂ ಆಟಗಾರರ ಸಂಭಾವನೆಗೆ ವರ್ಷಕ್ಕೆ ಇಷ್ಟೇ ಖರ್ಚು ತೋರಿಸಬಹುದು ಎಂಬ ಕಟ್ಟುಪಾಡಿದ್ದು, ಇದನ್ನೇ ‘ಸ್ಯಾಲರಿ ಕ್ಯಾಪ್’ ಅಥವಾ ವೇತನ ಮಿತಿ ಎನ್ನುತ್ತಾರೆ. 1994ರಲ್ಲಿ ಜಾರಿಗೆ ಬಂದಾಗ 3.46 ಕೋಟಿ ಡಾಲರ್ ಇದ್ದ ಈ ಮಿತಿ, ಲೀಗಿನ ಆದಾಯದೊಂದಿಗೆ ಏರುತ್ತ 2025ರಲ್ಲಿ 27.92 ಕೋಟಿ ಡಾಲರ್ ತಲುಪಿತು.

ಆಟಗಾರ ಗಾಯಗೊಂಡು ‘ಇಂಜ್ಯೂರ್ಡ್ ರಿಸರ್ವ್’ ಎಂಬ ಪಟ್ಟಿಗೆ ಸೇರಿದರೆ 53 ಮಂದಿಯ ತಂಡದಲ್ಲಿ ಅವನ ಜಾಗ ತೆರವಾಗುತ್ತದೆ. ಆದರೆ ವೇತನ ಮಿತಿಯಲ್ಲಿ ಅವನ ಸಂಬಳ ಹಾಗೆಯೇ ಉಳಿಯುತ್ತದೆ, ಬದಲಿ ಆಟಗಾರನ ಸಂಬಳ ಅದರ ಮೇಲೆ ಸೇರಿಕೊಳ್ಳುತ್ತದೆ. ವಿಮೆಯ ಪ್ರಶ್ನೆ ಏಳುವುದು ಇಲ್ಲಿಯೇ. ತಂಡವು ತನ್ನ ದುಬಾರಿ ಆಟಗಾರನ ಸಂಬಳಕ್ಕೆ ವಿಮೆ ಮಾಡಿಸಿದ್ದರೆ, ನಿಗದಿತ ಸಂಖ್ಯೆಯ ಪಂದ್ಯಗಳು ತಪ್ಪಿದ ನಂತರ ವಿಮಾ ಸಂಸ್ಥೆ ಉಳಿದ ಪಂದ್ಯಗಳ ಸಂಬಳವನ್ನು ತುಂಬಿಕೊಡುತ್ತದೆ ಮತ್ತು ಹೀಗೆ ಬಂದ ಹಣದಷ್ಟು ಮೊತ್ತವನ್ನು ಲೀಗ್ ಆ ತಂಡದ ವೇತನ ಮಿತಿಗೆ ಜಮೆ ಮಾಡುತ್ತದೆ. ಆದರೆ ಈ ಜಮೆ ದೊರೆಯುವುದು ಮುಂದಿನ ವರ್ಷದ ಲೆಕ್ಕದಲ್ಲಿ.

17 ಪಂದ್ಯಗಳ ಋತುವಿಗೆ 3.4 ಕೋಟಿ ಡಾಲರ್, ಅಂದರೆ ಪಂದ್ಯಕ್ಕೆ 20 ಲಕ್ಷ ಡಾಲರ್ ಪಡೆಯುವ ಆಟಗಾರನೊಬ್ಬ ಐದನೇ ಪಂದ್ಯದಲ್ಲಿ ಗಾಯಗೊಂಡು ಹೊರಗುಳಿದನೆಂದೂ ವಿಮೆಯ ಕರಾರಿನಲ್ಲಿ ಮೊದಲ ನಾಲ್ಕು ಪಂದ್ಯಗಳ ನಷ್ಟ ತಂಡದ್ದೇ ಎಂದಿದೆಯೆಂದೂ ಭಾವಿಸೋಣ. ತಪ್ಪಿದ ಹನ್ನೆರಡು ಪಂದ್ಯಗಳಲ್ಲಿ ಎಂಟರ ಸಂಬಳ, ಎಂದರೆ 1.6 ಕೋಟಿ ಡಾಲರ್, ವಿಮೆಯಿಂದ ಬರುತ್ತದೆ. ಆ ವರ್ಷದ ಮಿತಿಯಲ್ಲಿ ಮಾತ್ರ ಪೂರ್ತಿ 3.4 ಕೋಟಿಯೂ ಖರ್ಚಾಗಿಯೇ ನಿಲ್ಲುವುದರಿಂದ, ಪ್ರಮುಖ ಆಟಗಾರನಿಲ್ಲದೆ ತತ್ತರಿಸುವ ತಂಡಕ್ಕೆ ಆ ಋತುವಿನಲ್ಲೇ ಹೊಸಬನನ್ನು ಕೊಳ್ಳಲು ಈ ಹಣ ಒದಗುವುದಿಲ್ಲ. ವಿಮೆಯು ಮಾಲೀಕನ ತಿಜೋರಿಯನ್ನು ಕಾಯುವಷ್ಟು ಚೆನ್ನಾಗಿ ಋತುವನ್ನು ಕಾಯಲಾರದು ಎಂಬುದು ಇದರ ತಾತ್ಪರ್ಯ.

ಕ್ಲೀವ್‌ಲೆಂಡ್ ಬ್ರೌನ್ಸ್ ತಂಡ 2022ರಲ್ಲಿ ಡಿಶಾನ್ ವಾಟ್ಸನ್ ಅವರೊಂದಿಗೆ ಐದು ವರ್ಷಕ್ಕೆ 23 ಕೋಟಿ ಡಾಲರುಗಳ, ಪೂರ್ಣ ಖಾತರಿಯ ಒಪ್ಪಂದ ಮಾಡಿಕೊಂಡಿತು. ಖಾತರಿ ಎಂದರೆ ಆಡಿದರೂ ಆಡದಿದ್ದರೂ ಹಣ ಕೊಡಲೇಬೇಕು ಎಂಬ ಹೊಣೆ. 2024ರ ಅಕ್ಟೋಬರಿನಲ್ಲಿ ಅವರ ಹಿಮ್ಮಡಿಯ ಅಕಿಲೀಸ್ ಸ್ನಾಯುರಜ್ಜು ಹರಿಯಿತು. ಅದು ಮತ್ತೆ ಹರಿದಿರುವುದು 2025ರ ಜನವರಿಯಲ್ಲಿ ಬಹಿರಂಗವಾಯಿತು. ಈ ಒಪ್ಪಂದಕ್ಕೆ ವಿಮೆ ಇದ್ದುದರಿಂದ ತಂಡಕ್ಕೆ ವೇತನ ಮಿತಿಯಲ್ಲಿ ಜಮೆ ದೊರೆಯುವುದೆಂದು ಪತ್ರಿಕೆಗಳು ವರದಿ ಮಾಡಿದವು. ಖಾತರಿಯ ಮೊತ್ತಗಳು ಬೆಳೆದಂತೆ ವಿಮೆಯ ಕರಾರು ತಂಡದ ಯೋಜನೆಯ ಭಾಗವಾಗುತ್ತಿರುವುದು ಸಹಜವೇ.

ಆದರೆ ಈ ಆಸರೆ ಎಲ್ಲ ಆಟಗಾರರ ವಿಷಯದಲ್ಲೂ ಒಂದೇ ರೀತಿ ಕೆಲಸ ಮಾಡುವುದಿಲ್ಲ ಎಂಬುದನ್ನು ಗಂಭೀರವಾಗಿ ಗಮನಿಸಬೇಕು. ಕಂತು ತೆತ್ತು ವಿಮೆ ಮಾಡಿಸುವಷ್ಟು ದೊಡ್ಡ ಸಂಬಳವಿಲ್ಲದ ಅನೇಕ ಆಟಗಾರರು ‘ಸ್ಪ್ಲಿಟ್ ಕಾಂಟ್ರ್ಯಾಕ್ಟ್’ ಎಂಬ ಇಬ್ಬಗೆಯ ಒಪ್ಪಂದಕ್ಕೆ ಸಹಿ ಹಾಕಿರುತ್ತಾರೆ. ಅದರ ಪ್ರಕಾರ ಗಾಯಾಳುಗಳ ಪಟ್ಟಿಗೆ ಸೇರಿದ ಮೇಲೆ ಅವರಿಗೆ ಸಿಗುವುದು ಕಡಿಮೆ ದರದ ಸಂಬಳ, ಮಿತಿಯ ಲೆಕ್ಕಕ್ಕೂ ಆ ಕಡಿಮೆ ದರವೇ ಅನ್ವಯಿಸುತ್ತದೆ. ತಾರಾ ಆಟಗಾರನ ಗಾಯದಿಂದ ತಂಡಕ್ಕೆ ಬರುವ ಉಳಿತಾಯವನ್ನು ವಿಮಾ ಸಂಸ್ಥೆ ಮುಂದಿನ ವರ್ಷಕ್ಕೆ ಒದಗಿಸಿದರೆ, ಸಾಮಾನ್ಯ ಆಟಗಾರನ ಗಾಯದಿಂದ ಬರುವ ಉಳಿತಾಯ ಅದೇ ವರ್ಷ, ಅವನ ಸಂಬಳದಿಂದಲೇ ಒದಗುತ್ತದೆ.