ಒಂದು ದಿನ ಆಸ್ಪತ್ರೆಯದು, ಇಪ್ಪತ್ತು ದಿನ ಮನೆಯದು

ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದೊಡನೆಯೇ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವುದು ದೊಡ್ಡ ಆಸ್ಪತ್ರೆಯ ಚಿತ್ರ: ಉದ್ದನೆಯ ಪಡಸಾಲೆ, ಸಾಲು ಮಂಚಗಳು, ತೂಗುಬಿಟ್ಟ ಔಷಧದ ಚೀಲ, ಬಿಳಿಯುಡುಪಿನ ದಾದಿಯರು. ಆ ರೋಗದೊಡನೆ ನಡೆಯುವ ಹೋರಾಟವೆಲ್ಲವೂ ಅಲ್ಲಿಯೇ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆಂದು ನಾವು ಭಾವಿಸುತ್ತೇವೆ. ನಾನೂ ಹಾಗೆಯೇ ಭಾವಿಸಿದ್ದೆನು. ಸ್ತನದ ಕ್ಯಾನ್ಸರಿಗೆಂದು ನನ್ನ ಅಕ್ಕನಿಗೆ ಔಷಧ ಚಿಕಿತ್ಸೆ ಪ್ರಾರಂಭವಾದ ಮೇಲೆಯೇ ಆ ಭಾವನೆ ಎಷ್ಟು ತಪ್ಪೆಂಬುದು ನನಗೆ ತಿಳಿದದ್ದು.

ವೈದ್ಯರು ಕೀಮೋಥೆರಪಿ ಎಂದು ಕರೆಯುವ ಈ ಚಿಕಿತ್ಸೆಯಲ್ಲಿ ಅನೇಕರಿಗೆ ಆಸ್ಪತ್ರೆಯಲ್ಲಿ ರಾತ್ರಿ ತಂಗುವ ಅಗತ್ಯವೇ ಇರುವುದಿಲ್ಲ. ಬೆಳಿಗ್ಗೆ ಹೋಗಿ, ಕೆಲವು ಗಂಟೆಗಳ ಕಾಲ ರಕ್ತನಾಳದ ಮೂಲಕ ಔಷಧವನ್ನು ತೆಗೆದುಕೊಂಡು, ಸಂಜೆಗೆ ಮನೆಗೆ ಮರಳಬಹುದು. ಅಕ್ಕನಿಗೆ ಗೊತ್ತುಮಾಡಿದ್ದುದು ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಔಷಧ ಮತ್ತು ಅದರೊಡನೆ ಸೈಕ್ಲೊಫಾಸ್ಫಮೈಡ್. 21 ದಿನಗಳಿಗೊಮ್ಮೆಯಂತೆ ನಾಲ್ಕು ಸುತ್ತು. ಲೆಕ್ಕ ಹಾಕಿ ನೋಡಿದರೆ 21 ದಿನಗಳಲ್ಲಿ ಒಂದು ದಿನ ಮಾತ್ರ ಆಸ್ಪತ್ರೆಯದು. ಮಿಕ್ಕ 20 ದಿನವೂ ಮನೆಯದು. ಔಷಧವನ್ನು ಕೊಡುವವರು ವೈದ್ಯರಾದರೂ ಅದರ ಪರಿಣಾಮವನ್ನು ಹಗಲಿರುಳು ಕಾಯಬೇಕಾದವರು ಮನೆಯವರು.

ಕಾಯುವುದೇಕೆಂಬುದನ್ನು ತಿಳಿಯಬೇಕಾದರೆ ಔಷಧದ ಸ್ವಭಾವವನ್ನು ಅರಿಯಬೇಕು. ಕ್ಯಾನ್ಸರಿನ ಜೀವಕೋಶಗಳು ಬಿಡುವಿಲ್ಲದೆ ಬೆಳೆದು ಇಬ್ಭಾಗವಾಗುತ್ತಿರುತ್ತವೆ. ಹೀಗೆ ತ್ವರೆಯಿಂದ ವೃದ್ಧಿಯಾಗುವ ಕೋಶಗಳನ್ನು ಈ ಬಗೆಯ ಔಷಧಗಳು ಹುಡುಕಿ ಹೊಡೆಯುತ್ತವೆ. ಆದರೆ ನಮ್ಮ ಮೈಯಲ್ಲಿ ಬೇಗಬೇಗನೆ ಬೆಳೆಯುವ ಒಳ್ಳೆಯ ಕೋಶಗಳೂ ಉಂಟಷ್ಟೆ: ಕೂದಲಿನ ಬುಡದವು, ಬಾಯಿ ಕರುಳುಗಳ ಒಳಪದರದವು, ಎಲುಬಿನ ಮಜ್ಜೆಯವು. ಕಳೆಯೊಡನೆ ಪೈರೂ ತುಳಿಸಿಕೊಳ್ಳುತ್ತದೆ. ಎರಡು ಮೂರು ವಾರಗಳಲ್ಲಿ ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ. ಇವೆಲ್ಲಕ್ಕಿಂತ ಗಂಡಾಂತರದ್ದು ಕಣ್ಣಿಗೆ ಕಾಣದ್ದು. ಸೋಂಕಿನಿಂದ ನಮ್ಮನ್ನು ಕಾಪಾಡುವ ಬಿಳಿಯ ರಕ್ತಕಣಗಳು, ಔಷಧ ಪಡೆದ 7ರಿಂದ 14 ದಿನಗಳ ನಡುವೆ ಸಾಮಾನ್ಯವಾಗಿ ತೀರ ಕಡಮೆಯಾಗುತ್ತವೆ. ಅಂದು ಊರ ಬಾಗಿಲು ತೆರೆದೇ ಇರುತ್ತದೆ, ಕಾವಲುಗಾರರಿರುವುದಿಲ್ಲ.

ಎರಡನೆಯ ಸುತ್ತಿನ ಹತ್ತನೆಯ ರಾತ್ರಿ ನಡೆದುದನ್ನು ಹೇಳಿಕೊಳ್ಳಲು ನನಗೆ ಇಂದಿಗೂ ನಾಚಿಕೆಯಾಗುತ್ತದೆ. ಊಟವಾದ ಮೇಲೆ ಅಕ್ಕನ ಹಣೆ ಮುಟ್ಟಿ ನೋಡಿದೆನು, ಸುಡುತ್ತಿತ್ತು. ಥರ್ಮಾಮೀಟರಿನಲ್ಲಿ 101 ಡಿಗ್ರಿ. “ಮೈ ಸ್ವಲ್ಪ ಬೆಚ್ಚಗಿದೆ, ಅಷ್ಟೆ ಕಣೋ. ನಾಳೆ ನಿನಗೆ ಕಾಲೇಜಿದೆ, ಹೋಗಿ ಮಲಗಿಕೊ” ಎಂದಳು. ನಾನು ಜ್ವರದ ಮಾತ್ರೆಯೊಂದನ್ನು ಕೊಟ್ಟೆನು. ಬೆವರು ಬಂತು, ಜ್ವರ ಇಳಿಯಿತು, ನಾನೂ ನಿಶ್ಚಿಂತನಾಗಿ ಮಲಗಿದೆನು. ಬೆಳಗಿನ ಜಾವ ಅವಳು ಗಡಗಡನೆ ನಡುಗುತ್ತಿದ್ದಳು. ಕೈಕಾಲು ತಣ್ಣಗಾಗಿದ್ದವು, ಕೇಳಿದುದಕ್ಕೆ ಸರಿಯಾದ ಉತ್ತರವಿಲ್ಲ. ಆಸ್ಪತ್ರೆಗೆ ಕರೆದೊಯ್ದಾಗ ರಕ್ತ ಪರೀಕ್ಷೆ ಮಾಡಿದ ವೈದ್ಯರು, “ಇವರ ಮೈ ನಮಗೆ ಕೊಡಬಹುದಾಗಿದ್ದುದು ಜ್ವರದ ಸುಳಿವೊಂದೇ. ಅದನ್ನೂ ಮಾತ್ರೆ ಕೊಟ್ಟು ಅಳಿಸಿಬಿಟ್ಟಿರಲ್ಲ, ಮೇಷ್ಟ್ರೇ!” ಎಂದರು. ರಕ್ತನಾಳದ ಮೂಲಕ ಕೂಡಲೇ ಔಷಧ ಹರಿಯಿತು. ಆರನೆಯ ದಿನ ಅಕ್ಕ ಮನೆಗೆ ಬಂದಳು. ಬಂದಳೆಂಬುದೇ ನಮ್ಮ ಪುಣ್ಯ.

ವಿಚಿತ್ರವೆಂದರೆ, ಜ್ವರ ಬಂದರೆ ಏನು ಮಾಡಬೇಕೆಂಬುದು ಮೊದಲ ದಿನವೇ ದಾದಿಯೊಬ್ಬರು ಕೊಟ್ಟಿದ್ದ ಹಾಳೆಯಲ್ಲಿ ಅಚ್ಚಾಗಿತ್ತು. ವರ್ಷಕ್ಕೆ ನೂರಾರು ಉತ್ತರ ಪತ್ರಿಕೆಗಳನ್ನು ಓದುವ ನಾನು ಆ ಒಂದು ಹಾಳೆಯನ್ನು ಓದಿರಲಿಲ್ಲ.

ಆದುದರಿಂದ ವಾಚಕರಲ್ಲಿ ನನ್ನ ಮೊದಲ ವಿಜ್ಞಾಪನೆ ಇದು. ಇಂಥ ಚಿಕಿತ್ಸೆ ಪಡೆಯುತ್ತಿರುವವರ ಮನೆಯಲ್ಲಿ ಥರ್ಮಾಮೀಟರೊಂದು ಇರಲೇಬೇಕು. ಜ್ವರವು 100.4 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 38 ಡಿಗ್ರಿ ಸೆಲ್ಸಿಯಸ್, ಮುಟ್ಟಿತೆಂದರೆ ಅಪರಾತ್ರಿಯಾದರೂ ಆಸ್ಪತ್ರೆಗೆ ತಿಳಿಸಿ ಹೊರಡಬೇಕು. ವೈದ್ಯರನ್ನು ಕೇಳದೆ ಜ್ವರದ ಮಾತ್ರೆಯನ್ನು ಕೊಡಕೂಡದು. ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆಯೇ ಬರೆದಿಡಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದು ದೂರದ ಹಳ್ಳಿಗಳಿಗೆ ಮರಳುವವರು, ಅಂಥ ರಾತ್ರಿ ಹತ್ತಿರದ ಯಾವ ಆಸ್ಪತ್ರೆಗೆ ಹೋಗಬೇಕು, ಯಾರ ವಾಹನ ಸಿಕ್ಕೀತು ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಅಲ್ಲಿ ಬಾಯಿ ತೆರೆದೊಡನೆ ಹೇಳಬೇಕಾದ ಮಾತು, ಕೀಮೋ ಆಗಿ ಇಂದಿಗೆ ಎಷ್ಟು ದಿನವಾಯಿತೆಂಬುದು.

ಮಿಕ್ಕವು ನಿತ್ಯದ ಸಣ್ಣ ಕೆಲಸಗಳು. ವಾಂತಿಯ ಮಾತ್ರೆಯನ್ನು ವಾಂತಿ ಬಂದ ಮೇಲೆ ಹುಡುಕುವುದಲ್ಲ. ಹೇಳಿದ ಹೊತ್ತಿಗೆ ಕೊಡಬೇಕು. ಕುದಿಸಿ ಆರಿಸಿದ ನೀರು, ಆಗತಾನೆ ಮಾಡಿದ ಬಿಸಿ ಅಡುಗೆ, ಮನೆಯಲ್ಲಿಯೇ ತೊಳೆದು ಸಿಪ್ಪೆ ತೆಗೆದ ಹಣ್ಣು ಇವು ಸಾಕು. ಬೀದಿಯಲ್ಲಿ ಕೊಯ್ದಿಟ್ಟ ಹಣ್ಣು ಬೇಡ. ಒಮ್ಮೆಗೇ ತಟ್ಟೆ ತುಂಬ ಬಡಿಸುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡುವುದು ಲೇಸು. ಬಾಯಿ ಹುಣ್ಣಾದಾಗ ಖಾರವನ್ನು ಬಿಟ್ಟು, ಮೃದುವಾದ ಬ್ರಷ್ಷಿನಿಂದ ಹಲ್ಲುಜ್ಜಿ, ಉಪ್ಪುನೀರಿನಲ್ಲಿ ಮುಕ್ಕಳಿಸಬೇಕು. ಔಷಧ ಪಡೆದ ಮರುದಿನ ಮೂತ್ರ ಕೆಂಪಾದುದನ್ನು ಕಂಡು ನಾವು ಹೌಹಾರಿದ್ದೆವು; ಅದು ರಕ್ತವಲ್ಲ, ಡಾಕ್ಸೊರುಬಿಸಿನ್ನಿನ ಬಣ್ಣ.

ಕೆಲವರಿಗೆ ಚಿಕಿತ್ಸೆಯೇ ಮಾತ್ರೆಯ ರೂಪದಲ್ಲಿ ಮನೆಗೆ ಬರುತ್ತದೆ. ಕರುಳಿನ ಕ್ಯಾನ್ಸರಿಗೆ ಕೊಡುವ ಕ್ಯಾಪೆಸಿಟಬೀನನ್ನು ಊಟವಾದ ಅರ್ಧ ಗಂಟೆಯೊಳಗೆ, ದಿನಕ್ಕೆ ಎರಡು ಬಾರಿ ನುಂಗಬೇಕು. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಕೊಡುವ ಇಮ್ಯಾಟಿನಿಬ್ ಮಾತ್ರೆಯನ್ನು ಊಟದೊಡನೆ, ದೊಡ್ಡ ಲೋಟ ನೀರಿನೊಂದಿಗೆ ತೆಗೆದುಕೊಳ್ಳಬೇಕು. ಇಲ್ಲಿ ದಾದಿಯೂ ನಾವೇ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಿಸಬಾರದು; ಮಾತ್ರೆಯನ್ನು ಪುಡಿ ಮಾಡಬಾರದು; ಗರ್ಭಿಣಿಯರು ಅದನ್ನು ಮುಟ್ಟಬಾರದು. ಭೇದಿ ಹತ್ತಿದರೆ, ಅಂಗೈ ಅಂಗಾಲು ಕೆಂಪೇರಿ ಉರಿದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು.

ನೆರೆಹೊರೆಯವರ ಉಪದೇಶಗಳೂ ಬರುತ್ತವೆ. ಹಿತ್ತಲಿನ ಕಾಶಿಕಣಗಿಲೆಯ ಕಷಾಯ ಕುಡಿಸಿರೆಂದು ಒಬ್ಬರು ಹೇಳಿದರು. ಆ ಗಿಡದಿಂದಲೇ ವಿನ್‌ಕ್ರಿಸ್ಟೀನ್ ಎಂಬ ಕ್ಯಾನ್ಸರ್ ಔಷಧ ದೊರೆತುದು ನಿಜ. ಆದರೆ ಅದನ್ನು ವೈದ್ಯರು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ಅಳತೆಯಿಲ್ಲದ ಕಷಾಯ ವಿಷವಾದೀತು. ಇನ್ನೊಬ್ಬರು ಅಕ್ಕನ ತಟ್ಟೆ ಲೋಟಗಳನ್ನು ಬೇರೆಯಿಡಿ ಎಂದರು. ಕ್ಯಾನ್ಸರ್ ಅಂಟುರೋಗವಲ್ಲ. ಔಷಧ ಪಡೆದ 48 ಗಂಟೆಗಳ ಕಾಲ ರೋಗಿಯ ಮಲಮೂತ್ರ, ವಾಂತಿ, ಅವು ತಗುಲಿದ ಬಟ್ಟೆಗಳನ್ನು ಕೈಚೀಲ ತೊಟ್ಟು ಶುಚಿಗೊಳಿಸಬೇಕು, ನಿಜ; ಅದು ಔಷಧದ ಅಂಶವನ್ನು ಕುರಿತ ಎಚ್ಚರಿಕೆಯೇ ಹೊರತು ಮನುಷ್ಯರನ್ನು ದೂರವಿಡುವ ಮಡಿಯಲ್ಲ. ಅಪ್ಪಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ನೆಗಡಿ ಕೆಮ್ಮಿದ್ದವರು ಮಾತ್ರ ಆ ದಿನಗಳಲ್ಲಿ ದೂರದಿಂದಲೇ ಕ್ಷೇಮ ವಿಚಾರಿಸುವುದು ಮರ್ಯಾದೆ.

ಆ ರಾತ್ರಿಯ ಅನಂತರ ನಾನೊಂದು ನೋಟುಪುಸ್ತಕವಿಟ್ಟೆನು. ದಿನ, ಜ್ವರ, ಊಟ, ಮಾತ್ರೆ, ಭೇದಿ, ನಿದ್ರೆ ಎಲ್ಲವೂ ಅದರಲ್ಲಿ ದಾಖಲಾದವು. ಮುಂದಿನ ಸುತ್ತಿಗೆ ಹೋದಾಗ ವೈದ್ಯರು ಅದನ್ನು ತಿರುವಿ ನೋಡಿಯೇ ಔಷಧದ ಪ್ರಮಾಣವನ್ನು ಆಲೋಚಿಸಿದರು. ಆದರೂ ಅದರಲ್ಲಿ ಬರೆಯಲಾಗದುದೊಂದಿತ್ತು. ಮೂರನೆಯ ಸುತ್ತಿನಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಅಕ್ಕ ತಾನಾಗಿಯೇ ನನ್ನ ಬಾಗಿಲು ತಟ್ಟಿದಳು. “ಚಳಿಯಾಗುತ್ತಿದೆ ಕಣೋ. ಎಬ್ಬಿಸಲೋ ಬೇಡವೋ ಎಂದು ನೋಡಿದೆ” ಎಂದಳು. ಅಂದು ಜ್ವರವಿರಲಿಲ್ಲ. ಇಬ್ಬರೂ ಅಡುಗೆಮನೆಯಲ್ಲಿ ಕುಳಿತು ಬಿಸಿ ಗಂಜಿ ಕುಡಿದೆವು.

ತನಗಾಗಿ ಮನೆಯವರನ್ನು ಎಬ್ಬಿಸಬಹುದು, ಅದು ಹೊರೆಯಲ್ಲ ಎಂಬ ನಂಬಿಕೆ ರೋಗಿಗೆ ಬರುವಂತೆ ನಡೆದುಕೊಂಡೆವಾದರೆ, ನಮ್ಮ ಪಾಲಿನ ಇಪ್ಪತ್ತು ದಿನಗಳ ಕೆಲಸವನ್ನು ನಾವು ಮಾಡಿದಂತೆಯೇ ಸರಿ.