ಭಟ್ಕಳ: ಒಂದು ಬಂದರು ಪಟ್ಟಣದ ಹೆಸರು ಮತ್ತು ನೆಲೆ

ಉತ್ತರ ಕನ್ನಡ ಜಿಲ್ಲೆಯ ದಕ್ಷಿಣದ ತುದಿಯಲ್ಲಿ, ಶರಾಬಿ ನದಿ ಕಡಲನ್ನು ಸೇರುವ ಎಡೆಯಲ್ಲಿರುವ ಭಟ್ಕಳವನ್ನು ಕುರಿತು ಜೈನ ವಿದ್ವದ್ವಲಯದಲ್ಲಿ ಒಂದು ನಂಬಿಕೆ ಬಹುಕಾಲದಿಂದ ನಡೆದುಬಂದಿದೆ. ‘ಕರ್ಣಾಟಕ ಶಬ್ದಾನುಶಾಸನ’ದ ಕರ್ತೃವಾದ ಭಟ್ಟಾಕಳಂಕದೇವನ ಹೆಸರಿನಿಂದಲೇ ಈ ಊರಿಗೆ ಭಟ್ಕಳವೆಂಬ ಹೆಸರಾಯಿತೆಂಬುದೇ ಆ ನಂಬಿಕೆ. ಕೇಳುವುದಕ್ಕೆ ಇದು ಹಿತವಾಗಿದೆ. ವೈಯಾಕರಣನೊಬ್ಬನ ಹೆಸರನ್ನು ಹೊತ್ತ ರೇವುಪಟ್ಟಣ ಕನ್ನಡ ನಾಡಿನಲ್ಲಿ ಬೇರೊಂದಿಲ್ಲ. ಆದರೆ ಕಾಲಗಣನೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ನಿರುಕ್ತಿ ನಿಲ್ಲುವುದಿಲ್ಲ.

ಶಬ್ದಾನುಶಾಸನವು ೫೯೨ ಸಂಸ್ಕೃತ ಸೂತ್ರಗಳ ಗ್ರಂಥ. ಅದು ಪೂರ್ಣಗೊಂಡುದು ಶಕ ೧೫೨೬, ಅಂದರೆ ಕ್ರಿ.ಶ. ೧೬೦೪ರಲ್ಲಿ. ಈ ಊರಿನ ಹೆಸರಾದರೋ ಅದಕ್ಕಿಂತ ಬಹಳ ಹಿಂದಿನದು. ಪೋರ್ಚುಗೀಸರು ೧೬ನೆಯ ಶತಮಾನದ ಆರಂಭದಿಂದಲೂ ಇದನ್ನು ‘ಬತಿಕಾಲ’ ಎಂದು ಬರೆದರು. ಅವರಿಗಿಂತ ಸುಮಾರು ೧೭೦ ವರ್ಷಗಳ ಹಿಂದೆ, ೧೩೩೦ರ ಆಸುಪಾಸಿನಲ್ಲಿ, ಪಶ್ಚಿಮ ಕರಾವಳಿಯಲ್ಲಿ ಸಂಚರಿಸಿದ ಜೋರ್ಡಾನಸ್ ಎಂಬ ಕ್ರೈಸ್ತ ಸನ್ಯಾಸಿ ‘ಬತಿಗಾಲ’ವನ್ನು ಹೆಸರಿಸಿ ಅಲ್ಲಿ ಮುಸಲ್ಮಾನ ದೊರೆಯೊಬ್ಬನಿದ್ದನೆಂದು ಹೇಳಿದ್ದಾನೆ. ಶಬ್ದಾನುಶಾಸನದ ರಚನೆಗೆ ಎರಡೂವರೆ ಶತಮಾನಕ್ಕೂ ಹಿಂದೆ ಬಳಕೆಯಲ್ಲಿದ್ದ ಹೆಸರಿಗೆ ಅದರ ಕರ್ತೃ ಕಾರಣನಾಗಲಾರನು. ಅಕಳಂಕ ಎಂಬುದು ಗುರುಪರಂಪರೆಯಲ್ಲಿ ಮತ್ತೆ ಮತ್ತೆ ಬರುವ ಹೆಸರಾದುದರಿಂದ ಇನ್ನೂ ಹಿಂದಿನ ಅಕಳಂಕನೊಬ್ಬನನ್ನು ಹಿಡಿಯಬಹುದೆಂದು ವಾದಿಸುವವರುಂಟು. ಶಾಸನದ ಆಧಾರವಿಲ್ಲದೆ ಹಾಗೆ ಹಿಡಿಯುವುದು ಬರಿಯ ಊಹೆಯಾಗುತ್ತದೆ.

೧೮೦೧ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಈ ಹೆಸರಿಗೆ ‘ದುಂಡಾದ ಊರು’ ಎಂಬ ಅರ್ಥವನ್ನು ಬರೆದುಕೊಂಡನು. ‘ವೃತ್ತ’ದ ತದ್ಭವವಾದ ‘ಬಟ್ಟ’ಕ್ಕೆ ದುಂಡು ಎಂಬ ಅರ್ಥ ಹಳಗನ್ನಡದಲ್ಲಿ ಪ್ರಸಿದ್ಧ; ‘ಕಳ’ಕ್ಕೆ ಕಣ, ಬಯಲು ಎಂಬ ಅರ್ಥಗಳಿವೆ. ಆಚಾರ್ಯನ ಹೆಸರಿನಷ್ಟು ಘನವಲ್ಲದಿದ್ದರೂ ಈ ವಿವರಣೆ ಸರಳವಾಗಿದೆ, ಕಾಲಕ್ಕೂ ವಿರುದ್ಧವಲ್ಲ. ಹಾಗಾದರೆ ಆಚಾರ್ಯನ ಹೆಸರು ಇಲ್ಲಿಗೆ ಹೇಗೆ ಬಂದಿತು? ಈ ಸೀಮೆಯ ಜೈನ ಪಂಡಿತರ ಒಂದು ರೂಢಿಯಲ್ಲಿ ಇದಕ್ಕೆ ಉತ್ತರ ದೊರೆಯುತ್ತದೆ. ಅವರ ಲೇಖನಿಯಲ್ಲಿ ಬಿದಿರೆ ವೇಣುಪುರವಾಯಿತು, ಗೇರುಸೊಪ್ಪೆ ಭಲ್ಲಾತಕೀಪುರವಾಯಿತು, ಸ್ವಾದಿ ಸುಧಾಪುರವಾಯಿತು, ಹಾಡುವಳ್ಳಿ ಸಂಗೀತಪುರವಾಯಿತು. ದೇಶೀ ಹೆಸರಿಗೆಲ್ಲ ಸಂಸ್ಕೃತದ ಉಡುಗೆ ತೊಡಿಸುವ ಈ ಪದ್ಧತಿಯಲ್ಲಿ ಬಟ್ಟಕಳವು ಭಟ್ಟಾಕಳಂಕನ ಕಡೆಗೆ ವಾಲಿದುದು ಸಹಜವೇ. ಹಸ್ತಪ್ರತಿಗಳ ಪುಷ್ಪಿಕೆಗಳಲ್ಲಿ ಬರುವ ಸ್ಥಳನಾಮಗಳನ್ನು ಗುರುತಿಸುವ ಸೂಚೀಕಾರರು ಈ ರೂಢಿಯನ್ನು ನೆನಪಿನಲ್ಲಿಡುವುದು ಅವಶ್ಯ. ಪಂಡಿತರು ಮಾಡಿದ ಅನುವಾದವನ್ನೇ ಊರಿನ ಮೂಲವೆಂದು ತಿಳಿದರೆ ಪ್ರತಿಯ ದೇಶ ಕಾಲ ಎರಡೂ ತಪ್ಪುತ್ತವೆ.

ಹೆಸರಿನ ಸಂಬಂಧ ಕಡಿದುಹೋದರೂ ಜೈನ ವಿದ್ಯೆಗೂ ಈ ಬಂದರಿಗೂ ಇದ್ದ ನಿಜವಾದ ಸಂಬಂಧ ಕಡಿಯುವುದಿಲ್ಲ. ಅದು ಹೆಸರಿನದಲ್ಲ, ಹಾದಿಯದು. ಭಟ್ಕಳದಿಂದ ಒಳನಾಡಿಗೆ ಸುಮಾರು ೨೦ ಕಿಲೋಮೀಟರ್ ನಡೆದರೆ ಹಾಡುವಳ್ಳಿ. ಇಂದು ಕಾಡಿನ ನಡುವಣ ಹಳ್ಳಿಯಾದ ಇದು ೧೫ ಮತ್ತು ೧೬ನೆಯ ಶತಮಾನಗಳಲ್ಲಿ ಸಾಳುವ ಜೈನ ಅರಸರ ರಾಜಧಾನಿಯಾಗಿತ್ತು. ೧೫ನೆಯ ಶತಮಾನದ ಕೊನೆಯಲ್ಲಿ ಸಾಳುವೇಂದ್ರ, ಇಂದಗರಸರ ಕಾಲದ ಶಾಸನಗಳು ಸಂಗೀತಪುರವನ್ನೂ ಅಲ್ಲಿಯ ಚೈತ್ಯಾಲಯಗಳನ್ನೂ ಹೊಗಳುತ್ತವೆ. ಚತುರ್ವಿಂಶತಿ ತೀರ್ಥಂಕರರ ಬಸದಿ ಇಂದಿಗೂ ಅಲ್ಲಿದೆ. ಹಾಡುವಳ್ಳಿಯಿಂದ ಮೇಲಕ್ಕೆ ಘಟ್ಟ, ಘಟ್ಟದಾಚೆಗೆ ವಿಜಯನಗರದ ಬಯಲು. ಭಟ್ಕಳವು ಈ ದಾರಿಯ ಕೆಳತುದಿ. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಡೊಮಿಂಗೋ ಪೇಯಸ್ ಎಂಬ ಪೋರ್ಚುಗೀಸನು ಈ ಘಟ್ಟದ ಹಾದಿಯಲ್ಲಿ ವರ್ಷಂಪ್ರತಿ ಐದಾರು ಸಾವಿರ ಹೇರೆತ್ತುಗಳು ಓಡಾಡುತ್ತಿದ್ದುವೆಂದೂ, ಇಪ್ಪತ್ತು ಮೂವತ್ತು ಎತ್ತುಗಳಿಗೆ ಒಬ್ಬೊಬ್ಬ ಆಳು ಇರುತ್ತಿದ್ದನೆಂದೂ ಬರೆದಿದ್ದಾನೆ.

ಇಲ್ಲಿಂದ ಹೊರಡುತ್ತಿದ್ದ ಸರಕು ಯಾವುದೆಂಬುದನ್ನು ೧೫೧೬ರ ಸುಮಾರಿಗೆ ಬರೆದ ದುವಾರ್ತೆ ಬಾರ್ಬೋಸನು ತಿಳಿಸುತ್ತಾನೆ: ಅಕ್ಕಿ, ಕಬ್ಬಿಣ, ಪುಡಿಸಕ್ಕರೆ. ಬರುತ್ತಿದ್ದುದರಲ್ಲಿ ಮುಖ್ಯವಾದದ್ದು ಹೊರ್ಮುಜಿನ ಕುದುರೆ. ವಿಜಯನಗರದ ಸೇನೆಗೆ ಕುದುರೆಯೇ ಜೀವಾಳ. ಕನ್ನಡ ನಾಡಿನ ಹವೆಯಲ್ಲಿ ಒಳ್ಳೆಯ ಯುದ್ಧಾಶ್ವಗಳು ಬೆಳೆಯವು. ಆದುದರಿಂದ ಈ ಸಣ್ಣ ಅಳಿವೆಯ ರೇವು ತನ್ನ ಗಾತ್ರಕ್ಕೆ ಮೀರಿದ ಮಹತ್ತ್ವವನ್ನು ಪಡೆಯಿತು. ಕುದುರೆಯ ವ್ಯಾಪಾರಕ್ಕಾಗಿ ಬಂದವರ ಮತ್ತು ಈ ನೆಲದ ಜನರ ಕೂಡುವಿಕೆಯಿಂದ ಬೆಳೆದವರೇ ಇಲ್ಲಿಯ ನವಾಯತರು. ಅವರ ಮನೆಮಾತು ಕೊಂಕಣಿಯ ಬುಡದ್ದು. ಅರಬ್ಬಿ, ಪಾರಸಿ ಶಬ್ದಗಳು ಅದರಲ್ಲಿ ಧಾರಾಳವಾಗಿವೆ. ಬರೆಯುವುದು ಅರಬ್ಬೀ-ಪಾರಸೀ ಲಿಪಿಯಲ್ಲಿ. ಜೈನ ಅರಸನಿಗೆ ಮುಸಲ್ಮಾನ ವರ್ತಕನು ಸುಂಕ ತೆರುವುದು, ಆ ಸುಂಕದಿಂದ ಬಸದಿಯ ಅಮೃತಪಡಿ ನಡೆಯುವುದು ಇಂಥ ಪಟ್ಟಣದಲ್ಲಿ ದಿನನಿತ್ಯದ ಸಂಗತಿ. ಅದನ್ನು ಯಾರೂ ವಿಶೇಷವೆಂದು ಬರೆದಿಡಲಿಲ್ಲ.

ಹುಂಚದ ಪದ್ಮಾವತಿ ಬಸದಿಯ ಪ್ರಸಿದ್ಧ ಶಾಸನದಲ್ಲಿ ವಾದಿ ವಿದ್ಯಾನಂದನು ಗೆದ್ದ ಸಭೆಗಳ ಪಟ್ಟಿಯಿದೆ. ಕೃಷ್ಣರಾಯನ ಆಸ್ಥಾನದೊಡನೆ ಸಾಳುವ ಅರಸರ ಸಭೆಗಳು, ಬಿಳಿಗಿ, ಕಾರ್ಕಳ ಇವೆಲ್ಲ ಅದರಲ್ಲಿ ಬರುತ್ತವೆ. ಅಭಿನವ ವಾದಿ ವಿದ್ಯಾನಂದನ ‘ಕಾವ್ಯಸಾರ’ವೂ, ಸಾಳ್ವಮಲ್ಲನ ಆಶ್ರಯದಲ್ಲಿ ಸಾಳ್ವ ಕವಿ ರಚಿಸಿದ ‘ಸಾಳ್ವಭಾರತ’, ‘ರಸರತ್ನಾಕರ’ಗಳೂ ಇದೇ ಶತಮಾನದ, ಇದೇ ಕರಾವಳಿ ಸೀಮೆಯ ಕೃತಿಗಳು. ಕಾಡು ಗುಡ್ಡಗಳ ನಡುವಣ ಇಷ್ಟು ಕಿರಿದಾದ ರಾಜ್ಯಗಳು ಇಷ್ಟೊಂದು ವಾದಿಗಳನ್ನೂ ಕವಿಗಳನ್ನೂ ಪೋಷಿಸಿದುದು ಹೇಗೆಂಬ ಪ್ರಶ್ನೆಯನ್ನು ಸಾಹಿತ್ಯ ಚರಿತ್ರಕಾರರು ಅಷ್ಟಾಗಿ ಎತ್ತಿಲ್ಲ. ಬರಿಯ ಗದ್ದೆಯ ಕಂದಾಯದಿಂದ ಅದು ಸಾಗುವಂತಿರಲಿಲ್ಲ. ಮೆಣಸು ಮತ್ತು ರೇವಿನ ಸುಂಕಗಳೇ ಆ ಸಭೆಗಳ ಬೆನ್ನೆಲುಬೆಂದು ತಿಳಿಯುವುದು ಯುಕ್ತ.

ಈ ಬೆನ್ನೆಲುಬಿಗೇ ಪೆಟ್ಟು ಬಿದ್ದಿತು. ೧೫೦೨ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಅಳಿವೆಗೆ ಬಂದಾಗ ಇಲ್ಲಿಯ ಒಡೆಯನು ವರ್ಷಾಶನದಂತೆ ಅಕ್ಕಿಯನ್ನು ಕಪ್ಪವಾಗಿ ಕೊಡಲು ಒಪ್ಪಬೇಕಾಯಿತು. ೧೫೧೦ರಲ್ಲಿ ಆಲ್ಬುಕರ್ಕನು ಗೋವೆಯನ್ನು ಹಿಡಿದ ಮೇಲೆ ಕುದುರೆಯ ಹಡಗುಗಳೆಲ್ಲ ಗೋವೆಗೇ ಹೋಗತಕ್ಕದ್ದೆಂದು ಕಟ್ಟುಪಾಡಾಯಿತು. ಅದರಿಂದ ಭಟ್ಕಳದ ವ್ಯಾಪಾರ ಇಳಿಮುಖವಾದುದನ್ನು ಬಾರ್ಬೋಸನೇ ಹೇಳುತ್ತಾನೆ. ೧೫೪೨ರಲ್ಲಿ ಗವರ್ನರ್ ಮಾರ್ತಿಮ್ ಅಫೊನ್ಸೊ ದ ಸೋಜನು ಕಪ್ಪದ ಬಾಕಿಯ ನೆವದಿಂದ ಪಟ್ಟಣದ ಮೇಲೆ ಬಿದ್ದು ಸೂರೆಮಾಡಿ ಸುಟ್ಟನು. ಪೋರ್ಚುಗೀಸ್ ಬರೆಹಗಳನ್ನು ಮಾತ್ರ ಓದುವವರಿಗೆ ಭಟ್ಕಳದ ಕಥೆ ಇಲ್ಲಿಗೇ ಮುಗಿದಂತೆ ತೋರುತ್ತದೆ.

ಕಲ್ಲು ಬೇರೆಯದನ್ನು ಹೇಳುತ್ತದೆ. ಇಲ್ಲಿಯ ಪಾರ್ಶ್ವನಾಥ ಬಸದಿಯ ಶಾಸನದಲ್ಲಿರುವ ಕಾಲ ಶಕ ೧೪೬೫, ಅಂದರೆ ಕ್ರಿ.ಶ. ೧೫೪೩. ಊರು ಸುಟ್ಟ ಮರುವರ್ಷ! ಬೂದಿ ಆರುವ ಮುನ್ನವೇ ಬಸದಿಯನ್ನು ಎತ್ತಿಸಬಲ್ಲ ಧನಬಲವೂ ಮನಸ್ಸೂ ಊರಿನ ಶ್ರಾವಕರಲ್ಲಿ ಉಳಿದಿತ್ತೆಂದಾಯಿತು. ಪೇಟೆಯ ನಡುವಿನ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯಂತೂ ಊರಿನ ಹಳೆಯ ಕಟ್ಟಡಗಳಲ್ಲಿ ಅತ್ಯಂತ ದೊಡ್ಡದು. ಅಗ್ರಶಾಲೆ, ಭೋಗಮಂಟಪ, ಗರ್ಭಗೃಹ ಎಂಬ ಮೂರು ಭಾಗಗಳು, ಎರಡು ನೆಲೆಗಳು, ಮುಂದೆ ಎತ್ತರವಾದ ಮಾನಸ್ತಂಭ. ೧೮೮೩ರ ಮುಂಬಯಿ ಗ್ಯಾಸೆಟಿಯರು ಇದರ ಕೋಣೆಗಳಲ್ಲಿದ್ದ ಬಿಂಬಗಳನ್ನು ಅರ, ಮಲ್ಲಿ, ಮುನಿಸುವ್ರತ, ನಮಿ, ಪಾರ್ಶ್ವ ಎಂದು ಎಣಿಸುತ್ತದೆ. ಹದಿನೆಂಟನೆಯ ಜಿನನಿಂದ ಇಪ್ಪತ್ತೊಂದರವರೆಗೆ ಸಾಲಾಗಿ ಬಂದು ನೇಮಿಯನ್ನು ದಾಟಿ ಪಾರ್ಶ್ವನಿಗೆ ಹಾರುವ ಈ ಪಟ್ಟಿ ಪಂಡಿತರ ಕಣ್ಣಿಗೆ ಕೂಡಲೆ ಬೀಳತಕ್ಕದ್ದು. ಬಿಟ್ಟುಹೋದದ್ದು ಬಿಂಬವೋ ಬರೆದವನ ಗಮನವೋ ಎಂದು ಕೇಳುವುದು ನ್ಯಾಯ. ಲಾಂಛನ ಪರಿಚಯವಿಲ್ಲದ ಅಧಿಕಾರಿಗಳು ಮಾಡಿದ ಇಂಥ ಪಟ್ಟಿಗಳನ್ನು ಹಾಗೆಯೇ ಉದ್ಧರಿಸುವ ವಾಡಿಕೆ ಒಳ್ಳೆಯದಲ್ಲ.

ಕಟ್ಟಡದ ರೀತಿಯೂ ಗಮನಾರ್ಹ. ಇಳಿಜಾರಾದ ಕಲ್ಲುಚಪ್ಪಡಿಯ ಮಾಡು, ಮರಗೆಲಸವನ್ನು ನೆನಪಿಸುವ ಜೋಡಣೆ, ಗೋಡೆಗೆ ಬದಲು ಜಾಲಂಧ್ರ. ಘಟ್ಟದ ಕೆಳಗಿನ ಮಳೆಗೆ ತಕ್ಕ ಈ ಮಾಡನ್ನು ಕಂಡು ಫರ್ಗ್ಯುಸನ್ ನೇಪಾಳವನ್ನು ನೆನೆದನು. ಅಷ್ಟು ದೂರ ಹೋಗಬೇಕಾಗಿರಲಿಲ್ಲ, ಊರಿನ ಹುಲ್ಲುಮನೆಯನ್ನು ನೋಡಿದ್ದರೆ ಸಾಕಾಗಿತ್ತು. ಇದೇ ರೀತಿ ಖೇತಪೈ ನಾರಾಯಣ ದೇವಾಲಯದಲ್ಲಿಯೂ ಇದೆ. ಕೊಂಕಣಿ ವರ್ತಕನ ಹೆಸರಿನ ಆ ಗುಡಿಯ ಹೊರಗೋಡೆಯಲ್ಲಿ ರಾಮಾಯಣದ ಪಟ್ಟಿಕೆಗಳಿವೆ. ಬಸದಿಗೂ ಗುಡಿಗೂ ಶಿಲ್ಪಿಗಳ ಪದ್ಧತಿ ಒಂದೇ, ದೇವರು ಬೇರೆ.

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ೧೫೫೨ರ ಸುಮಾರಿನಿಂದ ಅರ್ಧ ಶತಮಾನಕ್ಕೂ ಮಿಕ್ಕಿ ಆಳಿ, ಪೋರ್ಚುಗೀಸರಿಂದ ‘ಮೆಣಸಿನ ರಾಣಿ’ ಎನಿಸಿಕೊಂಡಳು. ಭಟ್ಕಳ, ಹಾಡುವಳ್ಳಿಗಳೂ ಅವಳ ಕೈಯಲ್ಲಿದ್ದುವು. ೧೬೦೬ರ ವೇಳೆಗೆ ಕೆಳದಿಯ ವೆಂಕಟಪ್ಪನಾಯಕನು ಅವಳನ್ನು ಸೋಲಿಸಿದನು. ಶಬ್ದಾನುಶಾಸನ ಮುಗಿದು ಆಗಿನ್ನೂ ಎರಡು ವರ್ಷ. ಅಲ್ಲಿಂದ ಮುಂದೆ ಕರಾವಳಿಯ ಸುಂಕ ಘಟ್ಟದ ಮೇಲಣ ಇಕ್ಕೇರಿಗೆ ಹೋಯಿತು. ಬಸದಿಗಳ ದತ್ತಿ ಕ್ರಮೇಣ ಸೊರಗಿತು.

ಕೆಳದಿಯವರ ಕಾಲದಲ್ಲಿ, ೧೬೩೭ರಲ್ಲಿ, ವೆಡೆಲ್ ಎಂಬವನ ನಾಯಕತ್ವದ ಇಂಗ್ಲಿಷ್ ಹಡಗುಗಳು ಮೆಣಸಿಗಾಗಿ ಬಂದುವು. ಅವರೊಡನಿದ್ದ ಪೀಟರ್ ಮಂಡಿ ಇಕ್ಕೇರಿಯವರೆಗೂ ಹೋಗಿ ಕಂಡುದನ್ನು ಬರೆದಿಟ್ಟನು. ಕೋಠಿ ಬಾಳಲಿಲ್ಲ. ಆ ಒಂದೆರಡು ವರ್ಷಗಳಲ್ಲಿ ಸತ್ತ ಇಂಗ್ಲಿಷ್ ವರ್ತಕರ ಗೋರಿಗಲ್ಲುಗಳು ಮಾತ್ರ ಉಳಿದುವು. ೧೭೬೩ರಲ್ಲಿ ಹೈದರನು ಬಿದನೂರನ್ನು ಹಿಡಿದಾಗ ಭಟ್ಕಳವು ಮೈಸೂರಿಗೂ, ೧೭೯೯ರಲ್ಲಿ ಕಂಪೆನಿಗೂ ಸೇರಿತು. ೧೮೬೨ರಲ್ಲಿ ಮುಂಬಯಿ ಪ್ರಾಂತಕ್ಕೆ, ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ. ದೊಡ್ಡ ಹಡಗುಗಳ ಕಾಲ ಬಂದ ಮೇಲೆ ಆಳವಿಲ್ಲದ ಅಳಿವೆ ಮೀನುದೋಣಿಗಳ ಪಾಲಾಯಿತು. ನವಾಯತರ ವ್ಯಾಪಾರ ಕೊಲ್ಲಿಯ ದೇಶಗಳಿಗೆ ಹರಡಿತು. ಊರಿನ ಮಲ್ಲಿಗೆ ಪೇಟೆಯಲ್ಲಿ ಊರಿನ ಹೆಸರಿನಿಂದಲೇ ಮಾರಾಟವಾಗುತ್ತದೆ. ಜಟ್ಟಪ್ಪ ನಾಯಕನ ಬಸದಿ ಈಗ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ.